ರಜೆಯ ಆದೇಶ ಹಿಂದಿನ ಸಂಜೆಯೇ ಬರಲಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಕೊಡಗಿನ ಶಾಲೆಗಳಿಗೆ ರಜೆ ಬೇಡವೆಂದು ಯಾರೂ ಹೇಳಲಾರರು. ನನ್ನ ತಕರಾರು ಇರುವುದು ಆ ರಜೆ ಘೋಷಣೆಯಾಗುವ ಹೊತ್ತಿನ ಬಗ್ಗೆ ಮತ್ತು ಇಡೀ ಜಿಲ್ಲೆಗೆ ಅದನ್ನು ಒಂದೇ ಏಟಿಗೆ ಅನ್ವಯಿಸುವ ರೀತಿಯ ಬಗ್ಗೆ. ಬೆಳಿಗ್ಗೆ ಕಾಲುದಾರಿ ಇಳಿದು ಬಂದ ಮಕ್ಕಳು ನೆನೆದ ಕಾಲುಚೀಲದಲ್ಲಿ ಬಸ್ ತಂಗುದಾಣದಲ್ಲಿ ನಿಂತಿರುವಾಗ ರಜೆಯ ಸಂದೇಶ ಬರುತ್ತದೆ. ಲೈನ್ ಮನೆಗಳ (ತೋಟದ ಕಾರ್ಮಿಕರ ಸಾಲುಮನೆಗಳ) ತಾಯಂದಿರು ಅಷ್ಟರಲ್ಲಿ ಕೆಲಸಕ್ಕೆ ಹೊರಟಿರುತ್ತಾರೆ. ಮಗುವನ್ನು ಯಾರ ಬಳಿ ಬಿಡುವುದು? ಎಷ್ಟೋ ಸಲ ಅದೂ ಅಮ್ಮನ ಹಿಂದೆಯೇ ತೋಟಕ್ಕೆ ಬರುತ್ತದೆ. ಗಾಳಿಗೆ ಸಿಲ್ವರ್ ಮರದ ಕೊಂಬೆ ಮುರಿದು ಬೀಳುವ ತೋಟಕ್ಕಿಂತ ಶಾಲೆಯ ಕೊಠಡಿಯೇ ವಾಸಿ. ಇನ್ನು ಹಳೆಯ ಆದೇಶಕ್ಕೆ ಹೊಸ ದಿನಾಂಕ ಅಂಟಿಸಿ ವಾಟ್ಸ್‌ಆ್ಯಪ್‌ನಲ್ಲಿ ಹರಿಬಿಡುವ ಸುಳ್ಳು ರಜೆಗಳ ಕಾಟ ಬೇರೆ.

ಮಾಹಿತಿಗೇನೂ ಬರವಿಲ್ಲ. ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಮುಂಚಿತವಾಗಿಯೇ ಬರುತ್ತವೆ. ಆದರೆ ಆ ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಅರಬ್ಬಿ ಸಮುದ್ರದಿಂದ ಬಂದ ಮೋಡ ಘಟ್ಟ ಏರುವಾಗ ಭಾಗಮಂಡಲ, ಶಾಂತಳ್ಳಿ ಕಡೆಗೇ ಬಹುಪಾಲು ಸುರಿದುಬಿಡುತ್ತದೆ; ಕುಶಾಲನಗರಕ್ಕೆ ಸಿಗುವುದು ಉಳಿದದ್ದು. ಭಾಗಮಂಡಲದ ತ್ರಿವೇಣಿ ಸಂಗಮ ಮುಳುಗಿದ ದಿನವೂ ಕುಶಾಲನಗರದಲ್ಲಿ ಬಟ್ಟೆ ಒಣಗುವುದುಂಟು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನು ಅಳವಡಿಸಿದೆ. ಅದು ಸಾಲದಿದ್ದರೆ ನಮ್ಮ ಬೆಳೆಗಾರರಿದ್ದಾರೆ. ಪ್ರತಿದಿನ ಬೆಳಿಗ್ಗೆ ಅಂಗಳದ ಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು ‘ಮೂರು ಇಂಚು ಇಪ್ಪತ್ತು ಸೆಂಟು’ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಎಂದು ಪುಸ್ತಕದಲ್ಲಿ ಬರೆದಿಡುವುದು ಇಲ್ಲಿ ಅಜ್ಜನ ಕಾಲದ ರೂಢಿ. (ಪಕ್ಕದ ತೋಟಕ್ಕಿಂತ ತಮ್ಮಲ್ಲೇ ಹತ್ತು ಸೆಂಟು ಹೆಚ್ಚು ಬಿತ್ತೆಂದು ಬೀಗುವವರೂ ಇದ್ದಾರೆ, ಅದಿರಲಿ.)

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿದಿನ ಮಧ್ಯಾಹ್ನ ತಹಶೀಲ್ದಾರರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳು ಮರುದಿನದ ಮುನ್ಸೂಚನೆ, ಅಂದಿನ ಮಳೆ, ಹೊಳೆಯ ಮಟ್ಟ, ಮುಚ್ಚಿದ ರಸ್ತೆಗಳು ಇವಿಷ್ಟನ್ನು ನೋಡಿ ಹೋಬಳಿವಾರು ವರದಿ ಕೊಡಲಿ. ಸಂಜೆ ಆರರೊಳಗೆ ಜಿಲ್ಲಾಡಳಿತ ತೀರ್ಮಾನ ಪ್ರಕಟಿಸಲಿ. ಬಿರುಗಾಳಿಗೆ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಮೊಬೈಲ್ ಸಿಗ್ನಲ್. ಹಾಗಾಗಿ ಮಡಿಕೇರಿ ಆಕಾಶವಾಣಿಯಲ್ಲಿ ನಿಗದಿತ ಸಮಯಕ್ಕೆ ಇದನ್ನು ಓದಿ ಹೇಳಬೇಕು. ಬ್ಯಾಟರಿ ರೇಡಿಯೊ ಕತ್ತಲೆಯಲ್ಲೂ ಮಾತಾಡುತ್ತದೆ. ಪ್ರತಿ ಸಲವೂ ಪೂರ್ತಿ ರಜೆಯೇ ಆಗಬೇಕೆಂದೂ ಇಲ್ಲ. ಅಮೆರಿಕದ ಹಿಮ ಬೀಳುವ ಊರುಗಳಲ್ಲಿ ಎಷ್ಟೋ ಶಾಲೆಗಳು ಅಂಥ ದಿನ ಎರಡು ಗಂಟೆ ತಡವಾಗಿ ಬಾಗಿಲು ತೆರೆಯುತ್ತವೆ, ಅಷ್ಟರಲ್ಲಿ ರಸ್ತೆಯ ಹಿಮ ಸರಿಸುತ್ತಾರೆ. ರಸ್ತೆಗೆ ಬಿದ್ದ ಒಂದು ಮರ ಕಡಿದು ತೆಗೆಯಲು ನಮಗೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಮುನ್ಸೂಚನೆ ಹುಸಿಯಾಗುವುದೂ ಇದೆ. ರಜೆ ಕೊಟ್ಟ ದಿನ ಬಿಸಿಲು ಬಂದರೆ ನಗುವವರು ನಾವೇ, ಕೊಡದ ದಿನ ಮರ ಬಿದ್ದರೆ ಬೈಯುವವರೂ ನಾವೇ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ ರಜೆ ಕೊಡದಿರುವ ಧೈರ್ಯವನ್ನು ಯಾವ ಅಧಿಕಾರಿಯೂ ಮಾಡುವುದಿಲ್ಲ. ಅದಕ್ಕೇ ಎಷ್ಟು ಮಳೆಗೆ, ಯಾವ ರಸ್ತೆ ಮುಚ್ಚಿದರೆ, ಯಾವ ಹೋಬಳಿಗೆ ರಜೆ ಎಂಬ ನಿಯಮವನ್ನು ಮಳೆಗಾಲಕ್ಕೆ ಮುಂಚೆಯೇ ಬರೆದು ಪ್ರಕಟಿಸಬೇಕು. ಆಗ ಹೊಣೆ ಒಬ್ಬರ ತಲೆಯ ಮೇಲೆ ಬೀಳುವುದಿಲ್ಲ. ಕಳೆದ ತರಗತಿಗಳನ್ನು ಶನಿವಾರ ಮಧ್ಯಾಹ್ನ, ಭಾನುವಾರ ಸರಿದೂಗಿಸುವಾಗಲೂ ಭಾಗಮಂಡಲದ ಮಳೆಯ ಲೆಕ್ಕವನ್ನು ಕುಶಾಲನಗರದ ಮಕ್ಕಳು ತೀರಿಸಬೇಕಾಗುವುದಿಲ್ಲ.

ಒಬ್ಬ ಕಾಫಿ ಬೆಳೆಗಾರ, ನಾಪೋಕ್ಲು