ಯಂತ್ರ ಕೊಟ್ಟಿದ್ದೀರಿ, ವೈದ್ಯರನ್ನೂ ಕೊಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ವೈದ್ಯಕೀಯ ಶಿಕ್ಷಣ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು.

ನಮಸ್ಕಾರಗಳು.

ನಾನು ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಕೇಂದ್ರದಲ್ಲಿ ಅತಿಥಿ ಶಿಕ್ಷಕಿ. ನನ್ನ ಪತಿಗೆ ನಾಲ್ಕು ವರ್ಷಗಳಿಂದ ಡಯಾಲಿಸಿಸ್ ನಡೆಯುತ್ತಿದೆ. ಈ ನಾಲ್ಕು ವರ್ಷಗಳಲ್ಲಿ ಆಸ್ಪತ್ರೆಗೆ, ಜಿಲ್ಲಾ ಕಚೇರಿಗೆ, ಜನಸ್ಪಂದನ ಸಭೆಗೆ ನಾನು ಕೊಟ್ಟ ಅರ್ಜಿಗಳು ಹನ್ನೊಂದು. ಬಂದ ಹಿಂಬರಹಗಳು ಏಳು. ಏಳರಲ್ಲಿಯೂ ಒಂದೇ ಸಾಲು: ‘ತಮ್ಮ ಅರ್ಜಿಯನ್ನು ಸಂಬಂಧಪಟ್ಟ ಇಲಾಖೆಗೆ ರವಾನಿಸಲಾಗಿದೆ’. ಆ ಸಂಬಂಧಪಟ್ಟ ಇಲಾಖೆ ತಮ್ಮದು ಎಂದು ತಿಳಿಯುವುದಕ್ಕೆ ನನಗೆ ಇಷ್ಟು ಕಾಲ ಹಿಡಿಯಿತು. ಆದ್ದರಿಂದ ಹನ್ನೆರಡನೆಯದನ್ನು ನೇರವಾಗಿ ತಮಗೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಮೂತ್ರಪಿಂಡ ತಜ್ಞರನ್ನು ತಯಾರು ಮಾಡಿ. ನಮ್ಮ ಭಾಗದ ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿಯೇ ಡಿಎಂ ನೆಫ್ರಾಲಜಿ, ಅಂದರೆ ಎಂಡಿ ಮುಗಿಸಿದವರನ್ನು ಮೂತ್ರಪಿಂಡ ತಜ್ಞರನ್ನಾಗಿಸುವ ತರಬೇತಿ ನಡೆಯುವಂತೆ ಮಾಡಿ. ಅದರಲ್ಲಿ ಅರ್ಧದಷ್ಟು ಸೀಟುಗಳನ್ನು ಸರ್ಕಾರಿ ಸೇವೆಯಲ್ಲಿರುವ ವೈದ್ಯರಿಗೆ ಕೊಡಿ. ಕಲಿತು ಬಂದವರಿಗೆ ಜಿಲ್ಲೆಗಳಲ್ಲಿ ಹುದ್ದೆ ಮಾಡಿ.

ಡಯಾಲಿಸಿಸ್ ಯಂತ್ರಗಳಿಗಾಗಿ ನಾವು ಋಣಿಗಳು. ಇದು ಬಾಯಿಮಾತಲ್ಲ. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಆರಂಭವಾಗದೆ ಇದ್ದಿದ್ದರೆ, ತಾಲ್ಲೂಕು ಮಟ್ಟಕ್ಕೆ ಯಂತ್ರಗಳು ಬಾರದೆ ಇದ್ದಿದ್ದರೆ ನನ್ನ ಪತಿ ಇಂದು ಇರುತ್ತಿರಲಿಲ್ಲ. ಸೋಮವಾರ ಮತ್ತು ಗುರುವಾರ, ಪ್ರತಿ ಸಲ ನಾಲ್ಕು ಗಂಟೆ, ಒಂದು ರೂಪಾಯಿ ಖರ್ಚಿಲ್ಲದೆ ಅವರ ರಕ್ತ ಶುದ್ಧವಾಗುತ್ತದೆ. ಆದರೆ ಯಂತ್ರ ದೇಹದಿಂದ ನೀರನ್ನೂ ಎಳೆಯುತ್ತದೆ. ಎಷ್ಟು ಎಳೆಯಬೇಕು ಎನ್ನುವುದು ಯಂತ್ರಕ್ಕೆ ಗೊತ್ತಿರುವುದಿಲ್ಲ. ಹೆಚ್ಚು ಎಳೆದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆಗಟ್ಟುತ್ತದೆ, ಕಾಲಿನ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಕಡಿಮೆ ಎಳೆದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ. ಹೆಚ್ಚುವರಿ ನೀರು ತೆಗೆದ ಮೇಲೆ ರೋಗಿಯ ಸರಿಯಾದ ತೂಕ ಯಾವುದೆಂದು ಆಗಾಗ ಪರೀಕ್ಷಿಸಿ ನಿರ್ಧರಿಸಬೇಕಾದವರು ನೆಫ್ರಾಲಜಿ ತಜ್ಞರು. ನಮ್ಮಲ್ಲಿ ಅದನ್ನು ನಿರ್ಧರಿಸುತ್ತಿರುವವಳು ನಾನು. ತಂತ್ರಜ್ಞ ಹುಡುಗ ನನ್ನನ್ನೇ ಕೇಳುತ್ತಾನೆ, “ಅಕ್ಕಾ, ಇವತ್ತು ಎಷ್ಟು ತೆಗೆಯಬೇಕು?” ನಾನು ಪತಿಯ ಪಾದದ ಮೇಲೆ ಹೆಬ್ಬೆರಳು ಒತ್ತಿ, ಕುಳಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡಿ ಹೇಳುತ್ತೇನೆ. ನಾನು ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವವಳು, ಮಾನ್ಯರೇ. ಒಬ್ಬ ಮನುಷ್ಯನ ಮೈಯಿಂದ ಎಷ್ಟು ಲೀಟರ್ ನೀರು ತೆಗೆಯಬೇಕು ಎನ್ನುವುದನ್ನು ನನ್ನ ಹೆಬ್ಬೆರಳಿಗೆ ಬಿಟ್ಟಿರುವುದು ಯಾವ ನಿಯಮದಲ್ಲಿದೆ? ನಿಯಮಗಳು ನನಗಿಂತ ತಮಗೆ ಚೆನ್ನಾಗಿ ಗೊತ್ತಿವೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನಡೆದದ್ದನ್ನು ಬರೆಯದೆ ಈ ಪತ್ರ ಮುಂದೆ ಸಾಗುವುದಿಲ್ಲ.

ನಮ್ಮಲ್ಲಿ ಏಪ್ರಿಲ್ ಎಂದರೆ ಬೆಂಕಿ. ಅಂಥ ಬಿಸಿಲಿನಲ್ಲಿಯೂ ಅವರಿಗೆ ದಿನಕ್ಕೆ ನಾಲ್ಕು ಲೋಟ ನೀರು ಮಾತ್ರ. ಲೋಟವನ್ನು ಅಳತೆ ಮಾಡಿ ಕೊಡುವವಳು ನಾನೇ. ಆ ಗುರುವಾರ ನೀರು ಶುದ್ಧೀಕರಿಸುವ ಘಟಕ ಕೆಟ್ಟಿದೆ ಎಂದು ಡಯಾಲಿಸಿಸ್ ಆಗಲಿಲ್ಲ. ಶುಕ್ರವಾರವೂ ಆಗಲಿಲ್ಲ. ಶನಿವಾರ ಸಂಜೆ ಅವರಿಗೆ ವಾಂತಿಯಾಯಿತು, ಎದ್ದು ನಿಲ್ಲಲಾರದಷ್ಟು ಸುಸ್ತು. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಪಾಳಿಯಲ್ಲಿದ್ದವರು ಎಂಬಿಬಿಎಸ್ ಮುಗಿಸಿ ಕಡ್ಡಾಯ ಗ್ರಾಮೀಣ ಸೇವೆಗೆ ಬಂದಿದ್ದ ಹುಡುಗ. ಸುಸ್ತು, ವಾಂತಿ, ಬಿಸಿಲು ಎಂದು ಕೇಳಿದ ತಕ್ಷಣ ಅವರು ಎರಡು ಬಾಟಲಿ ಸಲೈನ್ ಬರೆದರು. “ಇವರಿಗೆ ಮೂತ್ರ ಬರುವುದಿಲ್ಲ, ಡಯಾಲಿಸಿಸ್ ಮೇಲಿದ್ದಾರೆ” ಎಂದು ನಾನು ಹೇಳಿದೆ. “ನಿರ್ಜಲೀಕರಣ ಆಗಿದೆ, ಏರಿಸಲೇಬೇಕು” ಎಂದರು. ನರ್ಸ್ ಏರಿಸಿದರು. ನಾನು ಪಕ್ಕದಲ್ಲಿ ಕುಳಿತು ಹನಿಗಳನ್ನು ನೋಡುತ್ತಿದ್ದೆ. ವೈದ್ಯರು ಹೇಳಿದ ಮೇಲೆ ನಾನೇನು ಹೇಳಲಿ ಎಂದುಕೊಂಡೆ. ಕೈ ಚಾಚಿ ಆ ನಳಿಕೆಯನ್ನು ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಅದನ್ನು ನೆನೆದಾಗಲೆಲ್ಲ ಇಂದಿಗೂ ನನಗೆ ನಿದ್ರೆ ಬರುವುದಿಲ್ಲ.

ರಾತ್ರಿ ಹನ್ನೊಂದಕ್ಕೆ ಉಸಿರು ಕಟ್ಟಿತು. ಮಲಗಲು ಆಗದೆ ಎದ್ದು ಕುಳಿತರು, ಕುಳಿತಲ್ಲಿಯೇ ಬಾಯಿಂದ ನೊರೆ ಬಂತು. 108 ಬಂದಾಗ ಹನ್ನೆರಡೂವರೆ. ಮೂರು ಗಂಟೆಯ ದಾರಿ. ಆ ದಾರಿಯುದ್ದಕ್ಕೂ ಅವರು ನನ್ನ ಸೆರಗನ್ನು ಹಿಡಿದುಕೊಂಡಿದ್ದರು, ಮಾತಿಲ್ಲ. ನಗರದ ಖಾಸಗಿ ಆಸ್ಪತ್ರೆಯಲ್ಲಿ ನಿದ್ದೆಗಣ್ಣಿನಲ್ಲಿ ಬಂದ ಮೂತ್ರಪಿಂಡ ತಜ್ಞರು ಚೀಟಿ ನೋಡಿ ಒಂದೇ ಪ್ರಶ್ನೆ ಕೇಳಿದರು: “ಮೂತ್ರವೇ ಬಾರದವರಿಗೆ ಸಲೈನ್ ಹಾಕಿದವರು ಯಾರು?” ಹತ್ತು ನಿಮಿಷದಲ್ಲಿ ಅವರಿಗೆ ಅರ್ಥವಾದದ್ದು ನಮ್ಮೂರಿನಲ್ಲಿ ಐದು ಗಂಟೆಯಾದರೂ ಯಾರಿಗೂ ಅರ್ಥವಾಗಿರಲಿಲ್ಲ. ಆರು ದಿನ ತೀವ್ರ ನಿಗಾ ಘಟಕ. ಬಿಲ್ ಕಟ್ಟಲು ಇದ್ದ ಎರಡು ಎಕರೆ ಹೊಲವನ್ನು ಐದು ವರ್ಷಕ್ಕೆ ಲೀಸಿಗೆ ಹಾಕಿದೆವು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಹದಿನೈದು ದಿನಗಳ ನಂತರ ಅವರೇ ನಮ್ಮ ಮನೆಗೆ ಬಂದು, ಒಳಗೆ ಬರಲೂ ಹಿಂಜರಿದು, ಬಾಗಿಲಲ್ಲಿಯೇ ನಿಂತು ಕ್ಷಮೆ ಕೇಳಿದರು. ಅಂದು ರಾತ್ರಿ ಫೋನ್ ಮಾಡಿ ಕೇಳೋಣವೆಂದರೆ ಅವರಿಗೆ ಒಬ್ಬರೂ ಇರಲಿಲ್ಲ. ನನ್ನ ಸಿಟ್ಟು ಅವರನ್ನು ಅಲ್ಲಿ ಒಂಟಿಯಾಗಿ ನಿಲ್ಲಿಸಿದವರ ಮೇಲೆ. ಅದು ತಮ್ಮ ಸರ್ಕಾರ, ಹಿಂದಿನ ಸರ್ಕಾರ, ಅದರ ಹಿಂದಿನ ಸರ್ಕಾರ.

ಮೂತ್ರಪಿಂಡ ತಜ್ಞರನ್ನು ತಯಾರು ಮಾಡಿ. ಇದು ದಿಢೀರನೆ ಆಗುವ ಕೆಲಸವಲ್ಲ ಎಂದು ನನಗೂ ಗೊತ್ತಿದೆ. ಎಂಬಿಬಿಎಸ್‌ಗೆ ಐದೂವರೆ ವರ್ಷ, ಎಂಡಿಗೆ ಮೂರು, ಅದರ ಮೇಲಿನ ಪ್ರವೇಶ ಪರೀಕ್ಷೆಯಾದ ನೀಟ್ ಎಸ್‌ಎಸ್ ಬರೆದು ಡಿಎಂ ಇಲ್ಲವೇ ಅದಕ್ಕೆ ಸಮನಾದ ಡಿಆರ್‌ಎನ್‌ಬಿ ಸೀಟು ಪಡೆದರೆ ಮತ್ತೆ ಮೂರು. ಹನ್ನೊಂದೂವರೆ ವರ್ಷ. ಹಾಗಿರುವುದರಿಂದಲೇ ಪ್ರತಿ ವರ್ಷದ ವಿಳಂಬವೂ ನಮಗೆ ದುಬಾರಿ. ನನ್ನ ಪತಿಗೆ ಡಯಾಲಿಸಿಸ್ ಆರಂಭವಾದ ವರ್ಷ ನಮ್ಮ ಭಾಗದ ಒಬ್ಬ ಎಂಡಿ ವೈದ್ಯರನ್ನು ತರಬೇತಿಗೆ ಕಳುಹಿಸಿದ್ದರೆ ಅವರು ಇಷ್ಟರಲ್ಲಿ ಕಲಿತು ಮರಳಿರುತ್ತಿದ್ದರು.

ಬೀದರ್, ಕಲಬುರಗಿ, ರಾಯಚೂರು, ಯಾದಗಿರಿ, ಕೊಪ್ಪಳ, ಬಳ್ಳಾರಿ, ಈ ಆರು ಜಿಲ್ಲೆಗಳಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಕಟ್ಟಡಗಳಿವೆ, ರೋಗಿಗಳಂತೂ ಬೇಕಾದಷ್ಟಿದ್ದಾರೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೂತ್ರಪಿಂಡಕ್ಕೆಂದೇ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಅಲ್ಲಿಗೆ ನಾವು ರಾತ್ರಿಯಿಡೀ ರೈಲಿನಲ್ಲಿ ಬರಬೇಕು, ಅದೂ ಎರಡು ಡಯಾಲಿಸಿಸ್‌ಗಳ ನಡುವಿನ ಮೂರು ದಿನದೊಳಗೆ ಹೋಗಿ ಮರಳಬೇಕು. ಹತ್ತಿರವೆಂದು ನಮ್ಮವರು ಹೈದರಾಬಾದಿಗೆ ಹೋಗುತ್ತಾರೆ, ಸೊಲ್ಲಾಪುರಕ್ಕೆ ಹೋಗುತ್ತಾರೆ. ತಮ್ಮ ಕಾಯಿಲೆಯನ್ನು ತಮ್ಮ ಭಾಷೆಯಲ್ಲಿ ಹೇಳಿಕೊಳ್ಳಲೂ ಆಗದೆ ಕೈಸನ್ನೆ ಮಾಡುತ್ತಾರೆ. ನಾನು ಶಾಲೆಗೆ ಹೋಗದ ದಿನ ನನಗೆ ಗೌರವಧನವಿಲ್ಲ. ತಜ್ಞರನ್ನು ಒಂದು ಸಲ ಕಂಡು ಬಂದರೆ ನಮ್ಮ ಮನೆಯ ತಿಂಗಳ ಲೆಕ್ಕ ತಪ್ಪುತ್ತದೆ.

ಸೀಟು ಕೊಟ್ಟರೂ ಬರುವವರಿಲ್ಲ ಎಂದು ಜಿಲ್ಲಾ ಕಚೇರಿಯಲ್ಲಿ ಒಬ್ಬರು ನನಗೆ ಹೇಳಿದರು. ಡಿಎಂನಂಥ ಸೂಪರ್ ಸ್ಪೆಷಾಲಿಟಿ ಸೀಟುಗಳು ಖಾಲಿ ಉಳಿಯುತ್ತಿವೆ ಎನ್ನುವುದು ಸುಳ್ಳಲ್ಲ. 2022ರಲ್ಲಿ ಅವುಗಳನ್ನು ತುಂಬಲು ವಿಶೇಷ ಸುತ್ತನ್ನೇ ನಡೆಸಬೇಕಾಯಿತು. ಹಾಗಾದರೆ ಬರುವವರನ್ನು ಕರೆಯಿರಿ. ತಮಿಳುನಾಡು 2020ರ ನವೆಂಬರ್‌ನಲ್ಲಿ ತನ್ನ ಸರ್ಕಾರಿ ಕಾಲೇಜುಗಳ ಸೂಪರ್ ಸ್ಪೆಷಾಲಿಟಿ ಸೀಟುಗಳಲ್ಲಿ ಶೇ 50ರಷ್ಟನ್ನು ಸೇವೆಯಲ್ಲಿರುವ ವೈದ್ಯರಿಗೆ ಮೀಸಲಿಟ್ಟಿತು. 2022ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಲು ಒಪ್ಪಲಿಲ್ಲ. ನೆರೆ ರಾಜ್ಯ ತುಳಿದ ದಾರಿ ನಮ್ಮ ಕಣ್ಣೆದುರಿಗೇ ಇದೆ. ನಮ್ಮ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಹತ್ತು ವರ್ಷದಿಂದ ಬೆವರು ಸುರಿಸುತ್ತಿರುವ ಎಂಡಿ ವೈದ್ಯರಿದ್ದಾರೆ. ಈ ಮಣ್ಣು, ಈ ಭಾಷೆ, ಈ ಬಿಸಿಲು ಅವರಿಗೆ ಗೊತ್ತು. ಸಂಬಳ ಕೊಟ್ಟು ಮೂರು ವರ್ಷ ಕಳುಹಿಸಿ, ಮರಳಿ ಬಂದು ಸೇವೆ ಮಾಡಬೇಕೆಂದು ಬರೆಸಿಕೊಳ್ಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿ ಇರುವುದು ಇಂಥದ್ದಕ್ಕಲ್ಲದೆ ಮತ್ತೆ ಯಾವುದಕ್ಕೆ?

ಅಲ್ಲಿಯವರೆಗೆ, ಡಯಾಲಿಸಿಸ್ ಘಟಕವಿರುವ ಪ್ರತಿ ಆಸ್ಪತ್ರೆಯ ಒಬ್ಬ ವೈದ್ಯರಿಗಾದರೂ ಕೆಲವು ತಿಂಗಳ ತರಬೇತಿ ಕೊಡಿಸಿ. ರಾತ್ರಿ ಹನ್ನೊಂದಕ್ಕೆ ಕರೆ ಮಾಡಿದರೆ ಎತ್ತುವ ಒಬ್ಬ ತಜ್ಞರ ಸಂಖ್ಯೆಯನ್ನು ಗೋಡೆಯ ಮೇಲೆ ಬರೆಸಿ. ಇದಕ್ಕೆ ಕಾಲೇಜೂ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ.

ತಜ್ಞರಿಲ್ಲದೆ ನಾವು ಕಳೆದುಕೊಂಡದ್ದು ಆ ಒಂದು ರಾತ್ರಿಯನ್ನಷ್ಟೇ ಅಲ್ಲ. ಡಯಾಲಿಸಿಸ್ ಆರಂಭವಾಗುವ ಎರಡು ವರ್ಷ ಮೊದಲೇ ಒಂದು ರಕ್ತಪರೀಕ್ಷೆಯಲ್ಲಿ, ಮೂತ್ರಪಿಂಡದ ಸ್ಥಿತಿಯನ್ನು ತೋರಿಸುವ ಕ್ರಿಯಾಟಿನಿನ್ 2.1 ಇತ್ತು, ಇರಬೇಕಾದುದಕ್ಕಿಂತ ಹೆಚ್ಚು. ವರದಿಯಲ್ಲಿ ಅದರ ಸುತ್ತ ಪೆನ್ನಿನಿಂದ ವೃತ್ತ ಎಳೆದಿದ್ದರು, ಹಾಗೆಂದರೆ ಏನೆಂದು ಯಾರೂ ಹೇಳಲಿಲ್ಲ. ಸಕ್ಕರೆ ಕಾಯಿಲೆ ಮೊದಲಿನಿಂದಲೂ ಇತ್ತು, ಮಂಡಿನೋವಿಗೆ ನೋವಿನ ಮಾತ್ರೆ ನುಂಗುವುದೂ ನಡೆದೇ ಇತ್ತು. ಆಗಲೇ ಮಾತ್ರೆ ಬಿಡಿಸಿ, ರಕ್ತದೊತ್ತಡ ಹಿಡಿತಕ್ಕೆ ತಂದಿದ್ದರೆ ಇನ್ನೂ ಕೆಲವು ವರ್ಷ ಯಂತ್ರದ ಮುಖ ನೋಡದೆ ಇರಬಹುದಿತ್ತು ಎಂದು ಆಮೇಲೆ ತಜ್ಞರೇ ಹೇಳಿದರು. ಕೈಯಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗಾಗಿ ರಕ್ತನಾಳಗಳ ಜೋಡಣೆ, ಮಾಡಿಸಬೇಕೆಂದು ಹೇಳುವವರಿಲ್ಲದೆ ಹನ್ನೊಂದು ವಾರ ಕುತ್ತಿಗೆಯ ನಳಿಕೆಯಲ್ಲಿಯೇ ಡಯಾಲಿಸಿಸ್ ನಡೆಯಿತು, ಎರಡು ಸಲ ಅಲ್ಲಿ ಸೋಂಕಾಯಿತು. ಹೊಟ್ಟೆಯ ಮೂಲಕ ಮನೆಯಲ್ಲಿಯೇ ಮಾಡಿಕೊಳ್ಳುವ ಪೆರಿಟೋನಿಯಲ್ ಡಯಾಲಿಸಿಸ್ 2019ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿದೆ ಎಂದು ನನಗೆ ತಿಳಿದದ್ದು ಆಸ್ಪತ್ರೆಯಿಂದಲ್ಲ, ಸೊಲ್ಲಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತ ಇನ್ನೊಬ್ಬ ರೋಗಿಯ ತಾಯಿಯಿಂದ. ನನ್ನ ಮೂತ್ರಪಿಂಡ ಕೊಡಲು ನಾನು ಮೊದಲ ದಿನದಿಂದ ಸಿದ್ಧಳಿದ್ದೆ. ರಕ್ತದ ಗುಂಪು ಹೊಂದುವುದಿಲ್ಲ ಎಂದು ತಿಳಿದು, ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಆ ಪಟ್ಟಿಯಲ್ಲಿ ಒಂದೊಂದು ದಿನವೂ ಲೆಕ್ಕ.

ಪ್ರತಿ ವರ್ಷ ಮಾರ್ಚ್‌ನ ಎರಡನೇ ಗುರುವಾರ ವಿಶ್ವ ಮೂತ್ರಪಿಂಡ ದಿನ. ಗುರುವಾರ ನಮ್ಮ ಪಾಳಿಯ ದಿನ. ಈ ಬಾರಿಯೂ ಬ್ಯಾನರ್ ಕಟ್ಟಿ, ರೋಗಿಗಳ ಕೈಗೆ ಹೂವು ಕೊಟ್ಟು ಫೋಟೊ ತೆಗೆದರು. ಫೋಟೊದಲ್ಲಿ ಇದ್ದವರ ಪೈಕಿ ಇಬ್ಬರು ಈಗ ಇಲ್ಲ. ಒಬ್ಬಳಿಗೆ ಇಪ್ಪತ್ತಾರು ವರ್ಷ. ಅವಳ ಹಾಸಿಗೆಯಲ್ಲಿ ಮುಂದಿನ ಸೋಮವಾರವೇ ಬೇರೆಯವರು ಮಲಗಿದ್ದರು, ಏಕೆಂದರೆ ಯಂತ್ರಕ್ಕಾಗಿ ಕಾಯುವವರ ಸಾಲು ಅಷ್ಟು ಉದ್ದವಿದೆ.

ರಾಯಚೂರಿನಲ್ಲಿ ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಧರಣಿಗೆ ಕುಳಿತವರು ಸಾವಿರ ದಿನ ದಾಟಿದರೂ ಎದ್ದು ಹೋಗಲಿಲ್ಲ. ಈ ಭಾಗದ ಜನರಿಗೆ ಕಾಯುವುದು ಗೊತ್ತು. ಡಯಾಲಿಸಿಸ್ ಮೇಲಿರುವವರಿಗೆ ಹಾಗೆ ಕಾಯಲು ಆಗುವುದಿಲ್ಲ. ಅವರ ಅವಧಿ ಮೂರು ದಿನ.

ಮೂತ್ರಪಿಂಡ ತಜ್ಞರನ್ನು ತಯಾರು ಮಾಡಿ. ಈ ಪತ್ರಕ್ಕೆ ಹಿಂಬರಹ ಬೇಡ, ಸಂಬಂಧಪಟ್ಟವರಿಗೆ ರವಾನಿಸುವುದೂ ಬೇಡ. ಮೂರು ವಿಷಯಗಳನ್ನು ಮಾತ್ರ ತಿಳಿಸಿ: ಯಾವ ಕಾಲೇಜಿನಲ್ಲಿ, ಎಷ್ಟು ಸೀಟು, ಯಾವ ವರ್ಷದಿಂದ.

ಇತಿ,
ಡಯಾಲಿಸಿಸ್ ರೋಗಿಯೊಬ್ಬರ ಪತ್ನಿ, ಅತಿಥಿ ಶಿಕ್ಷಕಿ
ಕಲ್ಯಾಣ ಕರ್ನಾಟಕ