ಮನೆ ಉಳಿಯದ ಜಾಗದ ಚಿತ್ರಗಳು, ಮತ್ತು ನನ್ನ ಜೊತೆ ನಿಂತವರು

ಹೆಂಗಸರ ಹಕ್ಕುಗಳಿಗಾಗಿ ಹೋರಾಡಿದ ಅಮೆರಿಕದ ಲೂಸಿ ಸ್ಟೋನ್ ಹುಟ್ಟಿದ ಜಾಗದ ಫೋಟೋ ಸರಣಿ ಕೊನೆಗೂ ಮುಗಿಯಿತು. ಪ್ರಿಂಟುಗಳು ಗೋಡೆಗೇರಿವೆ. ಇದಕ್ಕೆ ಕಾರಣರಾದವರಿಗೆ ಥ್ಯಾಂಕ್ಸ್ ಹೇಳದೆ ಬೇರೆ ಕೆಲಸ ಹಿಡಿಯಲು ಮನಸ್ಸಿಲ್ಲ.

ಮೊದಲ ವಂದನೆ ಆ ನೆಲವನ್ನು ಕಾಯುತ್ತಿರುವ ಟ್ರಸ್ಟೀಸ್ ಆಫ್ ರಿಸರ್ವೇಷನ್ಸ್ ಸಂಸ್ಥೆಗೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ಬ್ರೂಕ್‌ಫೀಲ್ಡ್‌ನಲ್ಲಿ ಕಾಯ್ಸ್ ಹಿಲ್ ಅಂತ ಒಂದು ಗುಡ್ಡ. ಅದರ ಮಗ್ಗುಲಲ್ಲಿ 61 ಎಕರೆ ಕಾಡು. 1818ರಲ್ಲಿ ಲೂಸಿ ಹುಟ್ಟಿದ್ದು ಇಲ್ಲಿನ ಮನೆಯಲ್ಲಿ, 1855ರಲ್ಲಿ ಮದುವೆಯಾದದ್ದೂ ಅಲ್ಲೇ. ಹೆಂಡತಿಯ ಮೇಲೆ ಗಂಡನಿಗೆ ಅಧಿಕಾರ ಕೊಡುವ ಕಾನೂನನ್ನು ಒಪ್ಪುವುದಿಲ್ಲ ಅಂತ ಗಂಡು ಹೆಣ್ಣು ಇಬ್ಬರೂ ಮದುವೆಯಲ್ಲೇ ಸಾರಿದರು. ಲೂಸಿ ತನ್ನ ಹೆಸರನ್ನೂ ಬಿಟ್ಟುಕೊಡಲಿಲ್ಲ. 1950ರಲ್ಲಿ ಆ ಮನೆ ಸುಟ್ಟುಹೋಯಿತು. ಸುತ್ತಲಿನ ಹೊಲಗಳನ್ನು ಹಾಗೇ ಬಿಟ್ಟರು, ಅವು ಕಾಡಾದವು. ಈಗ ನಡುವೆ ಮನೆಯ ಅವಶೇಷ ಅಷ್ಟೇ.

ಅಲ್ಲಿ ಹೊಸದಾಗಿ ಮನೆಯೊಂದನ್ನು ಕಟ್ಟಿ ನಿಲ್ಲಿಸದೇ ಇದ್ದದ್ದು ನನಗೆ ಸಿಕ್ಕ ದೊಡ್ಡ ಉಪಕಾರ. ಕಲ್ಲು, ಬೇರು, ಎಲೆಯ ನಡುವೆಯೇ ಆಕೆಯನ್ನು ಹುಡುಕಬೇಕಾಯಿತು. ಎಲೆ ಉದುರಿದ ಮೇಲೆ ಬಾ, ಮೋಡ ಕವಿದ ದಿನ ನೋಡು ಅಂದ ಗೆಳತಿಗೆ ಋಣಿ. ಬಿಸಿಲಿದ್ದರೆ ಕೊಂಬೆಗಳ ನೆರಳು ಕಲ್ಲಿನ ಮೇಲೆಲ್ಲ ಗೀಚಿದ ಹಾಗೆ ಬೀಳುತ್ತದೆ. ಮೋಡವಿದ್ದಾಗ ಕಲ್ಲುಗಳು ಒಂದೊಂದಾಗಿ ಕಾಣುತ್ತವೆ.

ಕ್ವಾಬೋಗ್ ಹಿಸ್ಟಾರಿಕಲ್ ಸೊಸೈಟಿಯ ಮ್ಯೂಸಿಯಂಗೂ ವಂದನೆ. 1915ರ ಆಗಸ್ಟ್ 13ರಂದು, ಲೂಸಿಯ ಹುಟ್ಟುಹಬ್ಬದ ದಿನ, ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದವರು ಈ ಗುಡ್ಡಕ್ಕೆ ಬಂದು ಮನೆಗೆ ಒಂದು ಫಲಕ ಹಾಕಿದ್ದರು. ಕೃತಜ್ಞತೆಯ ನೆನಪಿಗೆ ಅಂತ ಅದರಲ್ಲಿ ಬರೆಸಿದ್ದರು. ಅದೇ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಗಂಡಸರು ಹೆಂಗಸರಿಗೆ ಮತ ಬೇಡ ಅಂತ ವೋಟು ಹಾಕಿದರು. ಹಕ್ಕು ಸಿಕ್ಕಿದ್ದು 1920ರಲ್ಲಿ. ಗೆಲ್ಲುವ ಮೊದಲೇ ಥ್ಯಾಂಕ್ಸ್ ಹೇಳಿದ್ದರಲ್ವಾ ಅವರು! ಬೆಂಕಿಯಲ್ಲಿ ತುಂಬಾ ಹಾಳಾದರೂ ಆ ಫಲಕ ಉಳಿಯಿತು, ಈಗ ಮ್ಯೂಸಿಯಂನಲ್ಲಿದೆ. ಅದನ್ನು ಜೋಪಾನ ಮಾಡಿದ ಕೈಗಳಿಗೆ ಎಷ್ಟು ಹೇಳಿದರೂ ಕಡಿಮೆ.

ಪಾಚಿಯ ಹಸಿರು ಕಪ್ಪು ಮುದ್ದೆಯಾಗದಂತೆ ಪ್ರಿಂಟ್ ಮಾಡಿಕೊಟ್ಟವರಿಗೆ, ಟ್ರೈಪಾಡ್ ಹೊತ್ತು ಜೊತೆಗೆ ನಡೆದ ತಮ್ಮನಿಗೆ ಪ್ರೀತಿ. ಚಿತ್ರ ನೋಡಿ, ಹೊರಡುವಾಗ ಅಲ್ಲಿಗೆ ದಾರಿ ಕೇಳಿದ ನಿಮಗಂತೂ ಜಾಸ್ತಿ ಪ್ರೀತಿ. ಖಂಡಿತ ಹೋಗಿ ಬನ್ನಿ. ಆ ಕಾಡಿಗೆ ಬೇಟೆಗಾರರೂ ಬರುತ್ತಾರೆ, ಬೇಟೆಯ ಸೀಸನ್‌ನಲ್ಲಿ ಹೋಗುವುದಾದರೆ ದೂರಕ್ಕೂ ಕಾಣುವ ಕಿತ್ತಳೆ ಬಣ್ಣದ ಬಟ್ಟೆ ಹಾಕಿಕೊಳ್ಳಿ.