ಲಿಸ್ಬನ್‌ನಲ್ಲಿರುವ ಅಕ್ಕನ ಮಗಳಿಗೆ

ಮೈಸೂರು

ಪ್ರೀತಿಯ ಮೇಧಾ,

ಆಶೀರ್ವಾದಗಳು. ಅಲ್ಲಿಯ ಹಳೇ ಬಡಾವಣೆ ಅಲ್ಫಾಮಾದ ಗಲ್ಲಿಯಲ್ಲಿ ಪೋರ್ಚುಗಲ್ಲಿನ ಫಾಡೊ ಹಾಡು ಕೇಳಿ ಬಂದ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದಿದ್ದೀಯ. ಜಾಝ್ ಕಲಿಯುವ ಆಸೆಯೂ ಇದೆ ಅಂತೀಯ. ‘ಇಷ್ಟು ವರ್ಷ ಪಿಟೀಲಿನಲ್ಲಿ ಕಲಿತ ಕರ್ನಾಟಕ ಸಂಗೀತಕ್ಕೆ ದ್ರೋಹ ಮಾಡಿದ ಹಾಗಾಗುತ್ತಾ ಮಾವ?’ ಅಂತ ಕೇಳಿದ್ದೀಯ. ಇಲ್ಲ ಕಣಮ್ಮಾ. ಪಿಟೀಲೇ ನಮ್ಮಲ್ಲಿಗೆ ಹೊರಗಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲಸ್ವಾಮಿ ದೀಕ್ಷಿತರು ಅದನ್ನು ಯೂರೋಪಿನವರಿಂದಲೇ ಕಲಿತರು. ನಮ್ಮ ಚೌಡಯ್ಯನವರು ಅದಕ್ಕೆ ಏಳು ತಂತಿ ಕಟ್ಟಿದರು.

ನನಗೂ ಇಪ್ಪತ್ತನೇ ವಯಸ್ಸಿನಲ್ಲಿ ಜಾಝ್ ಪಿಟೀಲುವಾದಕ ಸ್ಟೆಫಾನ್ ಗ್ರಾಪೆಲಿಯವರ ಹುಚ್ಚು ಹಿಡಿದಿತ್ತು. 1934ರಲ್ಲಿ ಪ್ಯಾರಿಸ್ಸಿನಲ್ಲಿ ಗಿಟಾರ್ ವಾದಕ ಜಾಂಗೊ ರೈನ್‌ಹಾರ್ಟ್ ಜೊತೆ ಅವರು ಒಂದು ತಂಡ ಕಟ್ಟಿದ್ದರು. ಒಂದು ಪಿಟೀಲು, ಮೂರು ಗಿಟಾರು, ಒಂದು ಬಾಸ್. ಡ್ರಮ್ಸೇ ಇಲ್ಲ! ಅವರ ಸಂಗೀತ ನುಡಿಸಲು ಹೋಗಿ ಪಾಠದ ಮನೆಯಲ್ಲಿ ಬೈಸಿಕೊಂಡೆ. ಆಮೇಲೆ ಆ ದಾರಿಗೆ ಹೋಗಲೇ ಇಲ್ಲ. ಆ ಬೇಸರ ಇನ್ನೂ ಇದೆ. ನಿನಗೆ ಹಾಗಾಗಬಾರದು.

ಫಾಡೊ ಹಾಡುವವರ ಸಂಗೀತ. ಅಲ್ಲಿ ಪಿಟೀಲಿನ ವಾಡಿಕೆ ಇಲ್ಲ. ಸಾಲು ಮುಗಿದ ಕಡೆ ಹನ್ನೆರಡು ತಂತಿಯ ಪೋರ್ಚುಗೀಸ್ ಗಿಟಾರು ಉತ್ತರ ಕೊಡುತ್ತದೆ. ಪಕ್ಕವಾದ್ಯದ ಕೆಲಸವೇ ಅಲ್ವಾ ಅದು? ಹಾಡುವವರ ಬಾಯಿ ನೋಡುತ್ತಾ ಕಮಾನು ತಡೆದು ಕೂರುವುದು ನಿನಗೆ ಚೆನ್ನಾಗಿ ಬರುತ್ತದೆ. ಅದನ್ನು ಜೊತೆಗೆ ಇಟ್ಟುಕೋ. ಆದರೆ ಸ್ವರ ಅಲುಗಿಸುವ, ಜಾರಿಸುವ ನಮ್ಮ ಗಮಕ ಅಲ್ಲಿ ತುರುಕಬೇಡ. ಅವರ ತಿರುವುಗಳೇ ಬೇರೆ. ಫಾಡೊದ ಹೆಸರಾಂತ ಗಾಯಕಿ ಅಮಾಲಿಯಾ ರೊಡ್ರಿಗಿಶ್ ಹಾಡಿದ ಒಂದೇ ಸಾಲನ್ನು ಹತ್ತು ಸಲ ಕೇಳು, ಬಾಯಲ್ಲಿ ಹಾಡು, ಆಮೇಲೆ ಕಮಾನು ಮುಟ್ಟು. ಪೋರ್ಚುಗೀಸ್ ಭಾಷೆಯನ್ನೂ ಸರಿಯಾಗಿ ಕಲಿ. ಸಾಹಿತ್ಯ ಅರ್ಥವಾಗದೆ ಪಕ್ಕ ನುಡಿಸಲು ಆಗುತ್ತಾ? ಪೋರ್ಚುಗಲ್ಲಿನ ಉತ್ತರ ಭಾಗದ ಹಳ್ಳಿಗಳ ಕಡೆಯೂ ಹೋಗಿ ಬಾ. ಅಲ್ಲಿ ಶೂಲಾ ಕುಣಿತಕ್ಕೆ ಕುಳ್ಳ ಕುತ್ತಿಗೆಯ ಪಿಟೀಲಿದೆ, ರಬೆಕಾ ಅಂತಾರೆ.

ಜಾಝ್‌ನಲ್ಲಿ ಕಷ್ಟವೇ ಬೇರೆ. ನಮ್ಮಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ. ಅಲ್ಲಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಬದಲಾದಂತೆ ಕಾಲಡಿಯ ನೆಲವೇ ಜರುಗುತ್ತದೆ. ಹನ್ನೆರಡು ಬಾರಿನ, ಅಂದರೆ ಹನ್ನೆರಡು ತಾಳಖಂಡಗಳ ಸುತ್ತಿನ, ಬ್ಲೂಸ್ ಒಂದನ್ನೇ ಹಿಡಿ. ತಾಳದ ಆವರ್ತ ಎಣಿಸಿದ ಹಾಗೆ ಕೈಯಲ್ಲಿ ಎಣಿಸು. ಮೊದಲು ಬರೀ ಬಾಸ್ ಸ್ವರ ನುಡಿಸು. ಸೋಲೊಗೆ ಅವಸರ ಬೇಡ.

ಬೆಳಗಿನ ವರ್ಣದ ಸಾಧನೆ ಮಾತ್ರ ತಪ್ಪಿಸಬೇಡ. ಒಂದೇ ಪಿಟೀಲನ್ನು ದಿನಾ ನಮ್ಮ ಶ್ರುತಿಗೂ ಅವರ ಶ್ರುತಿಗೂ ತಿರುಗಿಸುತ್ತಿದ್ದರೆ ತಂತಿ ಬೇಗ ಹೋಗುತ್ತದೆ. ಅಕ್ಕ ಮುಂದಿನ ತಿಂಗಳು ಅಲ್ಲಿಗೆ ಬರುತ್ತಾಳಲ್ಲ, ನನ್ನ ಹಳೇ ಪಿಟೀಲು ಕೊಟ್ಟು ಕಳಿಸುತ್ತೇನೆ. ಅವತ್ತು ಗ್ರಾಪೆಲಿ ನುಡಿಸಲು ಹೋಗಿದ್ದು ಇದರಲ್ಲೇ. ತಂತಿ ಹೊರುವ ಕುದುರೆ ಹೊಸದು ಹಾಕಿಸಿದ್ದೇನೆ. ಇದನ್ನು ಅವರ ಶ್ರುತಿಗೇ ಇಟ್ಟುಕೋ.

ನಿನ್ನ ಮಾವ